ಸಂತ ಮರಿಯಾ ಗೊರೆಟ್ಟಿ: ಗಂಡುಮಕ್ಕಳಿಗೂ ಹೇಳಬೇಕಾದ ಚರಿತ್ರೆ

ಸಂತ ಮರಿಯಾ ಗೊರೆಟ್ಟಿಯ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಬಿಳಿಯ ಉಡುಪು, ಕೈಯಲ್ಲೊಂದು ಗೊಂಚಲು ಲಿಲಿ ಹೂ, ಮೇಲಕ್ಕೆ ನೆಟ್ಟ ಕಣ್ಣುಗಳು. ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಗೊರೆಟ್ಟಿ ಎಂಬ ಹೆಸರಿನ ಅಕ್ಕನೋ ಚಿಕ್ಕಮ್ಮನೋ ಸಿಗುವುದು ಅಪರೂಪವೇನಲ್ಲ. ಪ್ರತಿವರ್ಷ ಜುಲೈ 6ರಂದು ಧರ್ಮಸಭೆ ಆಕೆಯನ್ನು ಸ್ಮರಿಸುತ್ತದೆ. ಅಂದು ಹೆಣ್ಣುಮಕ್ಕಳಿಗೆ ಬುದ್ಧಿಮಾತು ಹೇಳುವುದು ಅನೇಕ ಧರ್ಮಕೇಂದ್ರಗಳಲ್ಲಿ ಬಹುಕಾಲದ ರೂಢಿ.

ನಾನು ಧರ್ಮೋಪದೇಶ ತರಗತಿಗೆ ಹೋಗುತ್ತಿದ್ದ ಕಾಲದಲ್ಲಿ ಈ ಚರಿತ್ರೆಯನ್ನು ಹೇಳುವ ಭಾನುವಾರ ಗಂಡುಹುಡುಗರಾದ ನಮ್ಮನ್ನು ಬೇಗನೆ ಹೊರಗೆ ಬಿಟ್ಟುಬಿಡುತ್ತಿದ್ದರು. ನಮಗೆ ಅದು ಹಬ್ಬವೇ. ದೇವಾಲಯದ ಅಂಗಳದಲ್ಲಿ ಲಗೋರಿ ಆಡುತ್ತಿದ್ದೆವು. ಒಳಗೆ ಹುಡುಗಿಯರು ತಲೆತಗ್ಗಿಸಿ ಕುಳಿತು ಕೇಳುತ್ತಿದ್ದರು. ಹನ್ನೊಂದು ವರ್ಷದ ಬಾಲೆಯೊಬ್ಬಳು ಶುದ್ಧತೆಗಾಗಿ ಪ್ರಾಣವನ್ನೇ ಕೊಟ್ಟಳು, ನೀವೂ ಹಾಗೆಯೇ ಇರಬೇಕು ಎಂಬುದು ಆ ದಿನದ ಪಾಠ. ಅವಳನ್ನು ಕೊಂದವನೂ ನಮ್ಮ ಹಾಗೆ ಜ್ಞಾನಸ್ನಾನ ಪಡೆದ ಒಬ್ಬ ಹುಡುಗ, ಒಂದೇ ಮೇಜಿನಲ್ಲಿ ಅವಳ ಕೈಯ ಅಡುಗೆ ಉಣ್ಣುತ್ತಿದ್ದವನು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅದಕ್ಕೇ ಈ ವಾರ ಆ ಚರಿತ್ರೆಯನ್ನು ಮೊದಲಿನಿಂದ ಹೇಳುತ್ತೇನೆ. ಮನೆಯಲ್ಲಿ ಗಂಡುಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಂಡು ಓದಿ.

ಮರಿಯಾ ಹುಟ್ಟಿದ್ದು 1890ರ ಅಕ್ಟೋಬರ್ 16ರಂದು, ಇಟಲಿಯ ಕೊರಿನಾಲ್ದೊ ಎಂಬ ಗುಡ್ಡದ ಮೇಲಿನ ಸಣ್ಣ ಊರಿನಲ್ಲಿ. ತಂದೆ ಲುಯೀಜಿ ಗೊರೆಟ್ಟಿ, ತಾಯಿ ಅಸ್ಸುಂತಾ. ಬಡ ರೈತರು. ಇದ್ದ ತುಂಡು ಭೂಮಿಯಲ್ಲಿ ಮಕ್ಕಳ ಹೊಟ್ಟೆ ತುಂಬದಾದಾಗ ಅವರು ಊರು ಬಿಟ್ಟು ಕೆಲಸ ಹುಡುಕಿಕೊಂಡು ದಕ್ಷಿಣಕ್ಕೆ ಹೊರಟರು. ಕೊನೆಗೆ 1899ರಲ್ಲಿ ರೋಮಿನ ದಕ್ಷಿಣಕ್ಕಿರುವ ನೆತ್ತೂನೊ ಪಟ್ಟಣದ ಸಮೀಪ, ಫೆರ್ರಿಯೆರೆ ಎಂಬಲ್ಲಿ ಒಬ್ಬ ಶ್ರೀಮಂತ ಧಣಿಯ ಜಮೀನನ್ನು ಪಾಲಿಗೆ ಮಾಡುವ ಒಕ್ಕಲಾಗಿ ನೆಲೆಸಿದರು. ಅದು ಜೌಗು ಭೂಮಿ. ಸೊಳ್ಳೆಗಳ ರಾಜ್ಯ. ಲುಯೀಜಿ ಒಂದು ವರ್ಷವನ್ನೂ ಸರಿಯಾಗಿ ಕಾಣಲಿಲ್ಲ. 1900ರಲ್ಲಿ ಮಲೇರಿಯಾ ಜ್ವರಕ್ಕೆ ತುತ್ತಾಗಿ, ಹೆಂಡತಿಯನ್ನೂ ಸಣ್ಣ ಸಣ್ಣ ಮಕ್ಕಳನ್ನೂ ಬಿಟ್ಟು ತೀರಿಕೊಂಡ.

ಆ ಮನೆ ಗೊರೆಟ್ಟಿ ಕುಟುಂಬದ್ದಷ್ಟೇ ಆಗಿರಲಿಲ್ಲ. ಅದೇ ಜಮೀನಿನಲ್ಲಿ ಪಾಲುಗಾರನಾಗಿದ್ದ ಜಿಯೋವಾನ್ನಿ ಸೆರೆನೆಲ್ಲಿ ಮತ್ತು ಅವನ ಮಗ ಅಲೆಸ್ಸಾಂದ್ರೊ ಅದೇ ಕಟ್ಟಡದಲ್ಲಿ ವಾಸವಾಗಿದ್ದರು. ಅಡುಗೆಮನೆ ಎರಡೂ ಕುಟುಂಬಗಳಿಗೆ ಒಂದೇ. ಲುಯೀಜಿ ಸತ್ತ ಮೇಲೆ ಅಸ್ಸುಂತಾ ಗಂಡನ ಪಾಲಿನ ಹೊಲದ ಕೆಲಸವನ್ನು ತಾನೇ ಹೊತ್ತುಕೊಂಡಳು. ಹೊತ್ತು ಮೂಡುವ ಮೊದಲೇ ಹೊಲ. ಮನೆಯ ಕೆಲಸ ಒಂಬತ್ತು ವರ್ಷದ ಮರಿಯಾಳ ತಲೆಗೆ ಬಂತು. ತಮ್ಮಂದಿರು, ತಂಗಿಯರು, ಅವರ ಸ್ನಾನ, ಊಟ, ಜಪ. ಹಸುಗೂಸು ತೆರೇಸಾಳನ್ನು ಎತ್ತಿಕೊಳ್ಳುವುದು. ನೀರು, ಕಸ, ಬಟ್ಟೆ. ಇದರ ಜೊತೆಗೆ ಸೆರೆನೆಲ್ಲಿ ತಂದೆಮಗನ ಅಡುಗೆ, ಅವರ ಬಟ್ಟೆ ಒಗೆಯುವುದು, ಹರಿದದ್ದನ್ನು ಹೊಲಿಯುವುದು ಕೂಡ ಅವಳಿಗೇ.

ಇಲ್ಲಿ ಸ್ವಲ್ಪ ನಿಲ್ಲಿ. ಸಂತರ ಚರಿತ್ರೆಗಳಲ್ಲಿ ಈ ಭಾಗವನ್ನು ಮರಿಯಾಳ ವಿಧೇಯತೆಗೆ ಸಾಕ್ಷಿಯಾಗಿ ಹೇಳುತ್ತಾರೆ. ವಿಧೇಯತೆ ಖಂಡಿತ ಇತ್ತು. ಆದರೆ ಅಲೆಸ್ಸಾಂದ್ರೊ ಕಡೆಯಿಂದ ನೋಡಿ. ಹದಿನೆಂಟು ಹತ್ತೊಂಬತ್ತರ ಒಬ್ಬ ಯುವಕ ದಿನವೂ ಮನೆಗೆ ಬರುತ್ತಾನೆ. ಒಂದು ಚಿಕ್ಕ ಹುಡುಗಿ ಅವನ ತಟ್ಟೆಗೆ ಬಡಿಸುತ್ತಾಳೆ, ಅವನ ಅಂಗಿ ಹೊಲಿಯುತ್ತಾಳೆ, ಅವನು ಗದರಿದರೆ ಸುಮ್ಮನಾಗುತ್ತಾಳೆ. ಅವಳು ಅವನ ತಂಗಿಯಲ್ಲ, ಮನೆಯ ಆಳೂ ಅಲ್ಲ. ಆದರೂ ಅವಳ ಕೈಕೆಲಸ ತನಗೆ ಸಲ್ಲಬೇಕಾದದ್ದು ಎಂದು ಅವನು ತಿಳಿದ. ಹಾಗಲ್ಲ ಎಂದು ಹೇಳುವ ಒಬ್ಬ ಹಿರಿಯನೂ ಆ ಮನೆಯಲ್ಲಿ ಇರಲಿಲ್ಲ. ಹೆಣ್ಣುಮಗುವಿನ ದುಡಿಮೆ ತನ್ನದು ಎಂದು ಕಲಿತವನು ಅವಳ ದೇಹವೂ ತನ್ನದೇ ಎಂದು ತಿಳಿಯುವುದಕ್ಕೆ ಬಹಳ ದೂರ ನಡೆಯಬೇಕಾಗಿಲ್ಲ. ಎಲ್ಲರೂ ಅಷ್ಟು ದೂರ ನಡೆಯುವುದಿಲ್ಲ, ದೇವರ ದಯೆ. ಅಲೆಸ್ಸಾಂದ್ರೊ ನಡೆದ.

ಅಲೆಸ್ಸಾಂದ್ರೊ ಹುಟ್ಟಿದ್ದು 1882ರಲ್ಲಿ. ತಾಯಿಯ ಪ್ರೀತಿ ಅವನಿಗೆ ಸಿಗಲೇ ಇಲ್ಲ. ಎಳೆಯ ವಯಸ್ಸಿನಲ್ಲೇ ಆಕೆಯನ್ನು ಕಳೆದುಕೊಂಡ. ತಂದೆ ಕುಡುಕ, ಒರಟ. ಮಗನ ಜೊತೆ ಕುಳಿತು ಮಾತನಾಡುವ ಪೈಕಿಯವನಲ್ಲ. ಹುಡುಗ ಸ್ವಲ್ಪ ಕಾಲ ಸಮುದ್ರದ ಕಡೆ ದುಡಿಯುವ ಗಂಡಸರ ನಡುವೆ ಬೆಳೆದ. ಅವರ ಮಾತು, ಅವರ ನಗೆ, ಹೆಂಗಸರನ್ನು ಕುರಿತ ಅವರ ಬಡಾಯಿ ಇವುಗಳೇ ಅವನಿಗೆ ಪಾಠಶಾಲೆ. ಓದಲು ಬರುತ್ತಿತ್ತು (ಮರಿಯಾಳಿಗೆ ಓದು ಬರಹ ಬರುತ್ತಿರಲಿಲ್ಲ, ಅವಳನ್ನು ಶಾಲೆಗೆ ಕಳುಹಿಸಿಯೇ ಇರಲಿಲ್ಲ). ಆದರೆ ಅವನು ತಂದು ಓದುತ್ತಿದ್ದುದು ಕೊಲೆ, ವ್ಯಭಿಚಾರಗಳನ್ನು ಬಣ್ಣಿಸುವ ಅಗ್ಗದ ಪತ್ರಿಕೆಗಳು. ಅವುಗಳಿಂದ ಚಿತ್ರಗಳನ್ನು ಕತ್ತರಿಸಿ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದ. ಇಂದು ಆ ಗೋಡೆ ನಮ್ಮ ಮಕ್ಕಳ ಅಂಗೈಯಲ್ಲಿರುವ ಮೊಬೈಲಿನೊಳಗೆ ಬಂದು ಕುಳಿತಿದೆ. ಅಸ್ಸುಂತಾ ಆ ಚಿತ್ರಗಳನ್ನು ನೋಡಿ ನೊಂದುಕೊಂಡಳು. ಹೇಳಿಯೂ ನೋಡಿದಳು. ಆದರೆ ವಿಧವೆಯೊಬ್ಬಳು, ಅದೂ ಅನ್ನಕ್ಕೆ ಆ ಪಾಲುಗಾರನನ್ನೇ ನೆಚ್ಚಿಕೊಂಡವಳು, ಎಷ್ಟು ಗಟ್ಟಿಯಾಗಿ ಹೇಳಿಯಾಳು?

ಅವನ ಬಾಲ್ಯವನ್ನು ಇಷ್ಟು ಹೇಳಿದ್ದು ಅವನನ್ನು ಬಿಡಿಸುವುದಕ್ಕಲ್ಲ. ತಾಯಿಯಿಲ್ಲದ, ಕುಡುಕ ತಂದೆಯ ಮಕ್ಕಳು ಸಾವಿರಾರು ಮಂದಿ ಸಭ್ಯರಾಗಿ ಬೆಳೆದಿದ್ದಾರೆ. ಅವನು ಮಾಡಿದ್ದನ್ನು ಅವನೇ ಮಾಡಿದ. ಆದರೆ ಇಂಥವನು ಆಕಾಶದಿಂದ ಉದುರಿದ ರಾಕ್ಷಸ ಎಂದು ನಾವು ತಿಳಿದರೆ, ನಮ್ಮ ಮನೆಯ ಹುಡುಗನಿಗೆ ಏನನ್ನೂ ಕಲಿಸಬೇಕಾಗಿಲ್ಲ ಎಂದು ನಿಶ್ಚಿಂತರಾಗಿಬಿಡುತ್ತೇವೆ. ಅದೇ ಅಪಾಯ.

1902ರ ಬೇಸಿಗೆ. ಅಲೆಸ್ಸಾಂದ್ರೊಗೆ ಇಪ್ಪತ್ತು, ಮರಿಯಾಳಿಗೆ ಹನ್ನೊಂದು. ಅದಕ್ಕೆ ಮುಂಚೆ ಎರಡು ಸಲ ಅವನು ಅವಳನ್ನು ಕೆಟ್ಟದ್ದಕ್ಕೆ ಒತ್ತಾಯಿಸಿದ್ದ. ಎರಡು ಸಲವೂ ಅವಳು ತಪ್ಪಿಸಿಕೊಂಡಿದ್ದಳು. ಬಾಯಿಬಿಟ್ಟರೆ ಕೊಂದುಬಿಡುತ್ತೇನೆಂದು ಬೆದರಿಸಿದ್ದ. ಅವಳು ಬಾಯಿ ಬಿಡಲಿಲ್ಲ. ತನ್ನನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟುಹೋಗಬೇಡ ಎಂದು ಮಾತ್ರ ತಾಯಿಯನ್ನು ಬೇಡಿಕೊಳ್ಳುತ್ತಿದ್ದಳು. ಏಕೆಂದು ಹೇಳುತ್ತಿರಲಿಲ್ಲ. ಹೊಲದಲ್ಲಿ ಬೆನ್ನು ಮುರಿಯುವ ಕೆಲಸವಿದ್ದ ತಾಯಿಗೆ ಅದು ಮಕ್ಕಳಾಟವೆನಿಸಿತು.

ತಾಯಂದಿರೇ, ಅಸ್ಸುಂತಾಳನ್ನು ದೂರಬೇಡಿ. ಆಕೆ ಜೀವಮಾನವಿಡೀ ಆ ದಿನಗಳನ್ನು ನೆನೆದು ಅತ್ತಿರಬೇಕು. ಆದರೆ ಆ ಮೌನ ಎಲ್ಲಿಂದ ಬಂತು ಎಂದು ಯೋಚಿಸಿ. ಹುಡುಗಿಗೆ ಬೆದರಿಕೆಯ ಭಯವಿತ್ತು, ನಿಜ. ಅದರ ಜೊತೆಗೆ ನಾಚಿಕೆಯೂ ಇತ್ತು. ಇಂಥ ವಿಷಯವನ್ನು ಬಾಯಲ್ಲಿ ಹೇಳಲು ಅವಳಿಗೆ ಯಾರೂ ಮಾತುಗಳನ್ನೇ ಕಲಿಸಿರಲಿಲ್ಲ. ಎರಡು ಕುಟುಂಬಗಳ ನಡುವೆ ಜಗಳವಾದರೆ ತಮಗೆ ಸೂರು ಇಲ್ಲ, ಅನ್ನವಿಲ್ಲ ಎಂಬ ಲೆಕ್ಕ ಹನ್ನೊಂದರ ಹುಡುಗಿಗೂ ತಿಳಿಯುವಂಥದ್ದೇ. ನಮ್ಮ ಮನೆಗಳಲ್ಲಿ ಹೆಣ್ಣುಮಗು ಚಿಕ್ಕಂದಿನಿಂದ ಕೇಳುವುದೇನು? ಸರಿಯಾಗಿ ಕೂತುಕೋ, ದನಿ ಎತ್ತಬೇಡ, ಹೊತ್ತು ಮುಳುಗುವ ಮೊದಲು ಮನೆ ಸೇರು, ಮನೆಯ ಮಾತು ಹೊರಗೆ ಆಡಬೇಡ. ಇವುಗಳಲ್ಲಿ ಕೆಲವು ಅವಳ ರಕ್ಷಣೆಗೆಂದೇ ಹೇಳಿದವು. ಆದರೆ ಇವೆಲ್ಲ ಸೇರಿ ಅವಳ ಮನಸ್ಸಿನಲ್ಲಿ ಉಳಿಯುವುದು ಒಂದೇ: ಏನಾದರೂ ಆದರೆ ತಪ್ಪು ನನ್ನದೇ. ತಪ್ಪು ತನ್ನದೆಂದು ತಿಳಿದ ಮಗು ಯಾರಿಗೂ ಹೇಳುವುದಿಲ್ಲ. ಕೇಡು ಮಾಡುವವನಿಗೆ ಇದು ಚೆನ್ನಾಗಿ ಗೊತ್ತು. ಅವನು ಬೀಗ ಹಾಕಬೇಕಾಗಿಯೇ ಇಲ್ಲ, ಬೀಗವನ್ನು ನಾವೇ ಹಾಕಿ ಕೊಟ್ಟಿರುತ್ತೇವೆ.

ಜುಲೈ 5, ಶನಿವಾರ. ಮಧ್ಯಾಹ್ನ ಕಣದಲ್ಲಿ ಒಣಗಿದ ಅವರೆಯ ಒಕ್ಕಣೆ ನಡೆದಿತ್ತು. ಎತ್ತಿನ ಗಾಡಿ ಹೊಡೆಯುತ್ತಿದ್ದ ಅಲೆಸ್ಸಾಂದ್ರೊ ಹಗ್ಗವನ್ನು ಅಸ್ಸುಂತಾಳ ಕೈಗೆ ಕೊಟ್ಟು, ಏನೋ ನೆಪ ಹೇಳಿ ಮನೆಯ ಕಡೆ ಹೋದ. ಮರಿಯಾ ಮೆಟ್ಟಿಲ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ತೆರೇಸಾ ಮಲಗಿದ್ದಳು. ಮಡಿಲಲ್ಲಿ ಅವನದೇ ಅಂಗಿ, ಕೈಯಲ್ಲಿ ಸೂಜಿ. ಅವನು ಅವಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ. ಅವಳು ಒಪ್ಪಲಿಲ್ಲ. ಇದು ಪಾಪ, ದೇವರಿಗೆ ಇಷ್ಟವಿಲ್ಲ, ನೀನು ನರಕಕ್ಕೆ ಹೋಗುತ್ತೀ ಎಂದು ಕೂಗಿಕೊಂಡಳು. ಅವನು ಚೂಪು ಮಾಡಿ ಇಟ್ಟುಕೊಂಡಿದ್ದ ದಬ್ಬಳದಂಥ ಕಬ್ಬಿಣದಿಂದ ಅವಳನ್ನು ಹದಿನಾಲ್ಕು ಬಾರಿ ಇರಿದ.

ಒಕ್ಕಣೆಯ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಎಚ್ಚರಗೊಂಡು ಅತ್ತ ತೆರೇಸಾಳ ಅಳುವಿನಿಂದಲೇ ದೊಡ್ಡವರಿಗೆ ತಿಳಿದದ್ದು.

ಮರಿಯಾಳನ್ನು ನೆತ್ತೂನೊ ಆಸ್ಪತ್ರೆಗೆ ಒಯ್ದರು. ಅರಿವಳಿಕೆ ಕೊಡದೆಯೇ ಶಸ್ತ್ರಚಿಕಿತ್ಸೆ ಮಾಡಿದರು. ಉಳಿಯುವ ಹಾಗಿರಲಿಲ್ಲ. ಹಿಂದೆ ಎರಡು ಸಲ ನಡೆದದ್ದನ್ನು ಆಗ ತಾಯಿಗೆ ಹೇಳಿದಳು. ಮಾರನೆಯ ದಿನ ಪರಮಪ್ರಸಾದ ತಂದ ಗುರುಗಳು ಕೇಳಿದಾಗ ಅಲೆಸ್ಸಾಂದ್ರೊನನ್ನು ಕ್ಷಮಿಸಿದ್ದೇನೆ, ಅವನೂ ಸ್ವರ್ಗದಲ್ಲಿ ನನ್ನ ಜೊತೆ ಇರಬೇಕು ಎಂದಳು. ಜುಲೈ 6ರ ಮಧ್ಯಾಹ್ನ ಪ್ರಾಣ ಬಿಟ್ಟಳು. ಹನ್ನೆರಡು ತುಂಬಲು ಇನ್ನೂ ಮೂರು ತಿಂಗಳಿತ್ತು.

ಈಗ ನಾನು ಹೇಳಬೇಕಾದ ಒಂದು ಮಾತು ಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುವ ಕೆಲವು ಸಹೋದರಿಯರಿಗೆ. ನೀವು ಯಾರೆಂದು ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಮರಿಯಾ ಗೊರೆಟ್ಟಿಯ ಕಥೆಯನ್ನು ಕೇಳುವಾಗಲೆಲ್ಲ, ಅವಳು ಸತ್ತಳು, ನಾನು ಬದುಕಿ ಉಳಿದೆ, ಹಾಗಾದರೆ ನಾನು ಅಶುದ್ಧಳೇ ಎಂದು ನಿಮ್ಮ ಎದೆಯಲ್ಲಿ ಇರಿದಂತಾಗಿರಬಹುದು. ಆ ಕಥೆಯನ್ನು ಅರ್ಧ ಹೇಳಿದ ನಮ್ಮದೇ ತಪ್ಪು ಅದು. 410ರಲ್ಲಿ ಶತ್ರುಗಳು ರೋಮ್ ನಗರಕ್ಕೆ ನುಗ್ಗಿ ಸೂರೆ ಮಾಡಿದಾಗ ಅನೇಕ ಕ್ರೈಸ್ತ ಸ್ತ್ರೀಯರ ಮೇಲೆ, ದೇವರಿಗೆ ಮುಡಿಪಾಗಿದ್ದ ಕನ್ಯೆಯರ ಮೇಲೂ, ಅತ್ಯಾಚಾರ ನಡೆಯಿತು. ಬದುಕಿ ಉಳಿದ ಆ ಸ್ತ್ರೀಯರನ್ನು ಕಂಡು ಜನ ಆಡಿಕೊಂಡರು. ಹಿಂದೆ ರೋಮಿನ ಲುಕ್ರೇಶಿಯಾ ಎಂಬಾಕೆ ಇಂಥದೇ ದುರಂತದ ನಂತರ ಆತ್ಮಹತ್ಯೆ ಮಾಡಿಕೊಂಡಳಲ್ಲ, ಅವಳೇ ಮಾನವಂತೆ ಎಂದು ಉದಾಹರಣೆ ಕೊಟ್ಟರು. ಆಗ ಸಂತ ಅಗಸ್ಟೀನರು ದೇವರ ನಗರ ಎಂಬ ತಮ್ಮ ಮಹಾಗ್ರಂಥದ ಮೊದಲ ಭಾಗದಲ್ಲೇ ಆ ಸ್ತ್ರೀಯರ ಪರ ನಿಂತರು. ಶುದ್ಧತೆ ಮನಸ್ಸಿನ ಗುಣ. ಮನಸ್ಸು ಒಪ್ಪದೆ ಇನ್ನೊಬ್ಬನು ದೇಹದ ಮೇಲೆ ನಡೆಸಿದ ಬಲಾತ್ಕಾರದಿಂದ ಅದು ಹೋಗುವುದಿಲ್ಲ, ಪಾಪ ಮಾಡಿದವನದೇ ಹೊರತು ಅನುಭವಿಸಿದವಳದಲ್ಲ ಎಂದು ಬರೆದರು. ಹದಿನಾರು ಶತಮಾನಗಳ ಹಿಂದೆ ಧರ್ಮಸಭೆಯ ಆಚಾರ್ಯರೊಬ್ಬರು ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು ನಮ್ಮ ಅಡುಗೆಮನೆಗಳವರೆಗೆ ಬರಲು ಏಕಿಷ್ಟು ತಡವಾಯಿತೋ!

ಮರಿಯಾ ಬದುಕಿ ಉಳಿದಿದ್ದರೂ, ಅವನ ಬಲಕ್ಕೆ ಅವಳ ಬಲ ಸಾಲದೆ ಹೋಗಿದ್ದರೂ, ದೇವರ ಮುಂದೆ ಅವಳು ಅಷ್ಟೇ ಶುದ್ಧಳು. ಅವಳು ಸಾಯುವುದನ್ನು ಆರಿಸಿಕೊಳ್ಳಲಿಲ್ಲ. ಕೊಲ್ಲುವುದನ್ನು ಅವನು ಆರಿಸಿಕೊಂಡ. ಆ ನೋವಿನಲ್ಲೂ ಅವಳು ಅವನ ಆತ್ಮದ ಬಗ್ಗೆ ಚಿಂತಿಸಿದ್ದು, ಅವನನ್ನು ಕ್ಷಮಿಸಿದ್ದು ನನಗೆ ಅವಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನ್ಯಾಯಾಲಯ ಅಲೆಸ್ಸಾಂದ್ರೊಗೆ ಮೂವತ್ತು ವರ್ಷಗಳ ಸೆರೆವಾಸ ವಿಧಿಸಿತು. ಇಪ್ಪತ್ತೊಂದು ತುಂಬದಿದ್ದ ಕಾರಣ ಜೀವಾವಧಿ ಶಿಕ್ಷೆ ತಪ್ಪಿತು. ಆದರೆ ಅವನು ಕೊಲ್ಲದೆ ಬಿಟ್ಟಿದ್ದರೆ, ಹುಡುಗಿ ಮದುವೆಯ ವಯಸ್ಸಿನವಳಾಗಿದ್ದರೆ, ಆ ದೇಶದ ಕಾನೂನು ಏನು ಹೇಳುತ್ತಿತ್ತು ಗೊತ್ತೇ? ಮರಿಯಾ ಹುಟ್ಟಿದ ವರ್ಷವೇ, 1890ರಲ್ಲಿ, ಇಟಲಿಯಲ್ಲಿ ಜಾರಿಗೆ ಬಂದ ದಂಡಸಂಹಿತೆ ಅತ್ಯಾಚಾರವನ್ನು ವ್ಯಕ್ತಿಯ ವಿರುದ್ಧದ ಅಪರಾಧವೆಂದು ಕಾಣಲಿಲ್ಲ. ಸದಾಚಾರಕ್ಕೂ ಕುಟುಂಬದ ವ್ಯವಸ್ಥೆಗೂ ಆದ ಭಂಗವೆಂದು ಕಂಡಿತು. ನೊಂದದ್ದು ಹುಡುಗಿಯಲ್ಲ, ಮನೆತನದ ಮಾನ! ಹಾಗಾಗಿ ಅತ್ಯಾಚಾರಿ ಅವಳನ್ನೇ ಮದುವೆಯಾದರೆ ಶಿಕ್ಷೆಯಿಲ್ಲ. ಮಾನ ಮರಳಿ ಬಂತು, ವ್ಯಾಜ್ಯ ಮುಗಿಯಿತು. ಮುಂದೆ 1930ರಲ್ಲಿ ಬಂದ ಸಂಹಿತೆಯೂ ಇದನ್ನೇ ಮುಂದುವರಿಸಿತು.

ಇದು ಹೇಗೆ ಅಲುಗಾಡಿತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. 1965ರ ಡಿಸೆಂಬರ್ 26, ಕ್ರಿಸ್ಮಸ್ಸಿನ ಮರುದಿನ. ಸಿಸಿಲಿ ದ್ವೀಪದ ಅಲ್ಕಾಮೊ ಊರಿನ ಫ್ರಾಂಕಾ ವಿಯೋಲಾ ಎಂಬ ಹದಿನೇಳರ ಹುಡುಗಿಯನ್ನು ಅವಳು ತಿರಸ್ಕರಿಸಿದ್ದ ಒಬ್ಬ ಪುಂಡ ಹಿಂಡು ಕಟ್ಟಿಕೊಂಡು ಬಂದು ಹೊತ್ತೊಯ್ದ. ಒಂದು ವಾರಕ್ಕೂ ಹೆಚ್ಚು ಕೂಡಿಹಾಕಿ ಅತ್ಯಾಚಾರ ಮಾಡಿದ. ಇನ್ನು ಅವಳು ತನ್ನನ್ನೇ ಮದುವೆಯಾಗಬೇಕು, ಬೇರೆ ದಾರಿಯಿಲ್ಲ ಎಂದುಕೊಂಡಿದ್ದ. ಊರೂ ಹಾಗೆಯೇ ಅಂದುಕೊಂಡಿತ್ತು. ಫ್ರಾಂಕಾ ಒಲ್ಲೆ ಎಂದಳು. ಅವಳ ತಂದೆ ಬೆರ್ನಾರ್ದೊ, ಸಾಮಾನ್ಯ ರೈತ, ಮಗಳ ಜೊತೆ ನಿಂತ. ಅವರ ದ್ರಾಕ್ಷಿ ತೋಟಕ್ಕೆ ಬೆಂಕಿ ಬಿತ್ತು. ತಂದೆ ಬಗ್ಗಲಿಲ್ಲ. 1966ರಲ್ಲಿ ಆ ಪುಂಡನಿಗೆ ಶಿಕ್ಷೆಯಾಯಿತು. 1968ರಲ್ಲಿ ಫ್ರಾಂಕಾ ತಾನು ಮೆಚ್ಚಿದ ಯುವಕನನ್ನು ಮದುವೆಯಾದಳು. ಜಗದ್ಗುರು ಆರನೇ ಪೌಲರು ಆ ದಂಪತಿಗಳನ್ನು ಕರೆಸಿ ಭೇಟಿ ಕೊಟ್ಟರು. ಮದುವೆಯಿಂದ ಅಪರಾಧ ತೊಳೆಯುವ ಕಾನೂನು ಇಟಲಿಯಲ್ಲಿ ರದ್ದಾದದ್ದು 1981ರಲ್ಲಿ. ಅತ್ಯಾಚಾರವೆಂದರೆ ವ್ಯಕ್ತಿಯ ವಿರುದ್ಧದ ಅಪರಾಧ ಎಂದು ಬರೆದದ್ದು 1996ರಲ್ಲಿ.

ನಾನು ಆ ತಂದೆಯ ಬಗ್ಗೆ ಬಹಳ ಯೋಚಿಸುತ್ತೇನೆ. ಮಾನವೆಂದರೆ ಗಂಡಸಿನ ಮೀಸೆ ಎಂದು ತಿಳಿದ ಊರಿನಲ್ಲಿ ಅವನು ಬೆಳೆದದ್ದು. ಆದರೂ ಅವನಿಗೆ ಮಗಳ ಒಪ್ಪಿಗೆ ದೊಡ್ಡದಾಗಿ ಕಂಡಿತು. ನಮ್ಮಲ್ಲೂ ಇಂಥ ಪ್ರಕರಣಗಳನ್ನು ನಾಲ್ಕು ಜನ ಕೂತು ಮದುವೆ ಮಾಡಿ ಮುಗಿಸಿದ್ದನ್ನು ನೀವು ಕೇಳಿಲ್ಲವೇ? ಅತ್ಯಾಚಾರದ ಮೊಕದ್ದಮೆಯಲ್ಲಿ ರಾಜಿ, ಮದುವೆ ಎಂಬ ಮಾತೇ ಸಲ್ಲದೆಂದು ನಮ್ಮ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಬೇಕಾಯಿತು. ಮಕ್ಕಳ ವಿಷಯದಲ್ಲಂತೂ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಹದಿನೆಂಟು ತುಂಬದ ಮಗುವಿನ ಮೇಲೆ ದೌರ್ಜನ್ಯವಾದದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಸ್ವತಃ ಅಪರಾಧ. ಹುಡುಗಿ ಮಾತ್ರವಲ್ಲ, ಹುಡುಗನಿಗೂ ಆ ಕಾಯ್ದೆಯ ರಕ್ಷಣೆಯಿದೆ. ಗಂಡು ಅಳಬಾರದು ಎಂದು ಬೆಳೆಸಿದ ಹುಡುಗನ ಮೇಲೆ ಇಂಥದ್ದು ನಡೆದರೆ ಅವನೂ ಹೇಳುವುದಿಲ್ಲ, ನೆನಪಿರಲಿ. 1098ಕ್ಕೆ ಮಗುವೇ ಫೋನ್ ಮಾಡಬಹುದು. ಧರ್ಮಸಭೆಯ ಮನೆಯೊಳಗೂ ಇಂಥ ಪಾಪಗಳು ನಡೆದು ಮುಚ್ಚಿಹೋಗಿದ್ದವು. ಅದನ್ನು ಮರೆಮಾಚಿ ಬರೆದರೆ ಈ ಪುಟಕ್ಕೆ ಬೆಲೆಯಿರುವುದಿಲ್ಲ. ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಹೊರಡಿಸಿದ ಆಜ್ಞೆ, ಇಂಥದ್ದು ತಿಳಿದುಬಂದರೆ ಮೇಲಿನವರಿಗೆ ವರದಿ ಮಾಡುವುದನ್ನು ಗುರುಗಳಿಗೂ ಧಾರ್ಮಿಕ ಸಭೆಗಳವರಿಗೂ ಕಡ್ಡಾಯ ಮಾಡಿತು.

ಕಾನೂನು ನಡೆದ ಮೇಲೆ ಬರುತ್ತದೆ. ನಡೆಯುವ ಮೊದಲು ಇರುವುದು ಮನೆ. ಅಪ್ಪಂದಿರೇ, ನಿಮ್ಮ ಮಗ ಊಟ ಮಾಡಿ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಾಗ ಅದನ್ನು ಎತ್ತುವವರು ಯಾರು? ಅವನ ತಂಗಿಯೇ? ಬಸ್‌ಸ್ಟಾಂಡಿನಲ್ಲಿ ಹುಡುಗಿಯರನ್ನು ಚುಡಾಯಿಸಿದನೆಂದು ದೂರು ಬಂದಾಗ, ಹುಡುಗರು ಹಾಗೆಯೇ ಎಂದು ನಕ್ಕಿರಾ? ಅವನ ಎದುರಿಗೇ ಅವನ ತಾಯಿಯನ್ನು ಗದರಿ ಬಾಯಿ ಮುಚ್ಚಿಸಿದ್ದೀರಾ? ಇವು ಸಣ್ಣ ಪ್ರಶ್ನೆಗಳೆಂದು ತೋರಬಹುದು. ಆ ಮೆಟ್ಟಿಲ ಮೇಲಿನ ಅಂಗಿಯೂ ಸಣ್ಣದೇ ಆಗಿತ್ತು. ಬೇಡ ಎಂದರೆ ಬೇಡ ಎಂದೇ ಅರ್ಥ ಎಂಬುದನ್ನು ಹುಡುಗನು ಮೀಸೆ ಬಂದ ಮೇಲೆ ಕಾಲೇಜಿನಲ್ಲಿ ಕಲಿಯುವುದಿಲ್ಲ. ಆಟದಲ್ಲಿ ತಂಗಿ ಸಾಕು ಎಂದಾಗ ಕೈ ಬಿಡಬೇಕೆಂದು ಐದನೇ ವಯಸ್ಸಿನಲ್ಲಿ ಕಲಿಯುತ್ತಾನೆ, ಕಲಿಸುವವರಿದ್ದರೆ. ಮಗಳು ಇಂಥವರ ಮನೆಗೆ ಹೋಗಲಾರೆ, ಆ ಮಾಮನ ಹತ್ತಿರ ಕೂರಲಾರೆ ಎಂದರೆ, ಮರಿಯಾ ತಾಯಿಯನ್ನು ಬೇಡಿಕೊಂಡದ್ದನ್ನು ನೆನೆದು, ಒಲೆ ಆರಿಸಿಯಾದರೂ ಕೂತು ಕೇಳಿ. ಗದರಬೇಡಿ. ಯಾಕೆ ಅಲ್ಲಿಗೆ ಹೋದೆ ಎಂದು ಮೊದಲು ಕೇಳಬೇಡಿ.

ಅಲೆಸ್ಸಾಂದ್ರೊನ ಮುಂದಿನ ಕಥೆ ನಿಮಗೆ ಗೊತ್ತಿರಬಹುದು. ಸೆರೆಮನೆಯಲ್ಲಿ ಮೊದಲ ಕೆಲವು ವರ್ಷ ಅವನು ಕಲ್ಲಿನಂತಿದ್ದ. ಆಮೇಲೊಂದು ರಾತ್ರಿ ಕನಸಿನಲ್ಲಿ ಮರಿಯಾ ತೋಟವೊಂದರಲ್ಲಿ ಲಿಲಿ ಹೂ ಕೊಯ್ದು ಅವನ ಕೈಗೆ ಕೊಟ್ಟಳಂತೆ. ಅಲ್ಲಿಂದ ಅವನು ಕರಗಿದ. ಸಿಸಿಲಿಯ ನೋತೊ ಧರ್ಮಕ್ಷೇತ್ರದ ಧರ್ಮಾಧ್ಯಕ್ಷ ಬ್ಲಾಂದೀನಿಯವರು ಅವನನ್ನು ಕಂಡು ಮಾತನಾಡಿದ್ದು ಅವನಿಗೆ ದಾರಿ ತೋರಿಸಿತು. 27 ವರ್ಷ ಕಳೆದು 1929ರಲ್ಲಿ ಬಿಡುಗಡೆಯಾದ. ಮುಂದೆ ಕೊರಿನಾಲ್ದೊಗೆ ಹೋಗಿ, ಅಲ್ಲಿನ ಗುರುಗಳ ಮನೆಯಲ್ಲಿ ಕೆಲಸಕ್ಕಿದ್ದ ಅಸ್ಸುಂತಾಳ ಮುಂದೆ ನಿಂತು ಕ್ಷಮೆ ಬೇಡಿದ. ಮಗಳೇ ಕ್ಷಮಿಸಿದ ಮೇಲೆ ತಾನು ಹೇಗೆ ಕ್ಷಮಿಸದಿರಲಿ ಎಂಬುದು ಆ ತಾಯಿಯ ಉತ್ತರ. ಇಬ್ಬರೂ ಒಂದೇ ಬಲಿಪೂಜೆಯಲ್ಲಿ ಅಕ್ಕಪಕ್ಕದಲ್ಲಿ ಮೊಣಕಾಲೂರಿ ಪರಮಪ್ರಸಾದ ಸ್ವೀಕರಿಸಿದರು.

ಈ ಕ್ಷಮೆಯನ್ನು ಎತ್ತಿ ಹೇಳುವ ನಾವು ಒಂದನ್ನು ಬಿಟ್ಟುಬಿಡುತ್ತೇವೆ. ಅವನು ಬಂದದ್ದು 27 ವರ್ಷ ಶಿಕ್ಷೆ ಅನುಭವಿಸಿದ ಮೇಲೆ, ತಪ್ಪನ್ನು ಪೂರ್ತಿ ಒಪ್ಪಿಕೊಂಡ ಮೇಲೆ. ಅಸ್ಸುಂತಾ ಪೊಲೀಸರನ್ನು ಹಿಂದಕ್ಕೆ ಕಳುಹಿಸಲಿಲ್ಲ, ಸಾಕ್ಷಿ ಹೇಳುವುದಿಲ್ಲ ಎನ್ನಲಿಲ್ಲ. ನೊಂದ ಹುಡುಗಿಯ ಬಳಿ ಮರುದಿನವೇ ಹೋಗಿ, ಕ್ರೈಸ್ತರಾದ ನಾವು ಕ್ಷಮಿಸಬೇಕು, ದೂರು ಬೇಡ ಎನ್ನುವ ಹಿರಿಯರು ಗೊರೆಟ್ಟಿಯ ಹೆಸರನ್ನು ಅದಕ್ಕೆ ಬಳಸಬಾರದು.

1947ರಲ್ಲಿ ಮರಿಯಾ ಪುನೀತೆಯೆಂದೂ, 1950ರ ಜೂನ್ 24ರಂದು ಸಂತಳೆಂದೂ ಘೋಷಿತಳಾದಳು. ಜಗದ್ಗುರು ಹನ್ನೆರಡನೇ ಪಿಯುಸರು ಸಂತ ಪೇತ್ರರ ಚೌಕದ ಬಯಲಿನಲ್ಲೇ ಆ ವಿಧಿ ನಡೆಸಬೇಕಾಯಿತು, ಅಷ್ಟು ಜನ. ವೃದ್ಧೆಯಾದ ತಾಯಿ ಅಸ್ಸುಂತಾ ಅಲ್ಲಿ ಹಾಜರಿದ್ದರು. 1954ರಲ್ಲಿ ಅವರು ತೀರಿಕೊಂಡರು.

ಅಲೆಸ್ಸಾಂದ್ರೊ ಕಪುಚಿನ್ ಸಭೆಯವರ ಮಠಗಳಲ್ಲಿ ತೋಟದ ಕೆಲಸ, ಬಾಗಿಲು ಕಾಯುವ ಕೆಲಸ ಮಾಡಿಕೊಂಡು ಮುದುಕನಾದ. ಇಲ್ಲಿಗೆ ಬಂದಾಗ ನನ್ನ ಲೇಖನಿ ಅವನು ಎನ್ನಬೇಕೋ ಅವರು ಎನ್ನಬೇಕೋ ಎಂದು ತಡವರಿಸುತ್ತದೆ. ಎಂಬತ್ತರ ಹತ್ತಿರ ಬಂದಾಗ, 1961ರಲ್ಲಿ, ಒಂದು ಕಾಗದ ಬರೆದಿಟ್ಟ. ತನ್ನ ಹರೆಯದಲ್ಲಿ ಕೆಟ್ಟ ಪತ್ರಿಕೆಗಳು, ಕೆಟ್ಟ ನೋಟಗಳು, ಗೆಳೆಯರ ಕೆಟ್ಟ ಮಾದರಿಗಳು ತನ್ನನ್ನು ದಾರಿ ತಪ್ಪಿಸಿದವು, ತಾನು ಯೋಚಿಸದೆ ಅವುಗಳ ಹಿಂದೆ ಹೋದೆ, ಹತ್ತಿರದಲ್ಲೇ ಭಕ್ತಿವಂತರು ಇದ್ದರೂ ಅವರ ಕಡೆ ತಿರುಗಿ ನೋಡಲಿಲ್ಲ ಎಂದು ಅದರಲ್ಲಿ ಒಪ್ಪಿಕೊಂಡಿದ್ದಾನೆ. ತಪ್ಪನ್ನು ಹುಡುಗಿಯ ಮೇಲೆ ಒಂದು ಅಕ್ಷರದಷ್ಟೂ ಹೊರಿಸಿಲ್ಲ. 1970ರ ಮೇ 6ರಂದು ಮಚೆರಾತಾ ಊರಿನ ಮಠದಲ್ಲಿ ಕಣ್ಣು ಮುಚ್ಚಿದ.

ಮರಿಯಾಳ ಅವಶೇಷಗಳು ಸಮುದ್ರದ ದಡದ ನೆತ್ತೂನೊ ಮಹಾದೇವಾಲಯದಲ್ಲಿವೆ. ಅವಳು ಹುಟ್ಟಿದ ಕೊರಿನಾಲ್ದೊದಲ್ಲಿ ಅವಳ ಹೆಸರಿನ ಪುಣ್ಯಕ್ಷೇತ್ರವಿದೆ. ಅಲ್ಲಿಗೆ ಹೋದವರಿಗೆ ಒಂದೇ ದೇವಾಲಯದಲ್ಲಿ ಎರಡು ಸಮಾಧಿಗಳನ್ನು ತೋರಿಸುತ್ತಾರೆ: ಒಂದು ಅಸ್ಸುಂತಾಳದು, ಇನ್ನೊಂದು ಅಲೆಸ್ಸಾಂದ್ರೊನದು.